ಹಳೆಯ ಬಟ್ಟೆಯ ಬೆಲೆ

ಹಳೆಯ ಬಟ್ಟೆಯನ್ನು ಅಗ್ಗವಾಗಿ ಕೊಂಡ ಮಾತ್ರಕ್ಕೆ ಅದು ಮಿತವ್ಯಯವಾಗುವುದೇ? ವಾಚಕರು ತಮ್ಮೊಳಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಉತ್ತರ ಕರ್ನಾಟಕದ ತಾಯಂದಿರು ಸವೆದ ಇಳಕಲ್ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತ ಬಂದಿದ್ದಾರೆ. ಹಲವು ಸಲ ಒಗೆದ ಹತ್ತಿಬಟ್ಟೆ ಮೈಗೆ ಮೆತ್ತಗಾಗುವುದರಿಂದ ಹಳೆಯತನವೇ ಅಲ್ಲಿ ಗುಣವಾಯಿತು. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ನಡುವಿನತ್ತ ಹೊಲಿದು, ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ ‘ಫೂಲ’ಗಳನ್ನು ಇಡುತ್ತಾರೆ. ಅವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಕೊರತೆಯ ನಡುವೆಯೂ ಚೆಲುವನ್ನು ಬಿಟ್ಟುಕೊಡದ ಮನಸ್ಸು ಅದು.

ಪಾತ್ರೆಗೆ ಬದಲಾಗಿ ಕೊಟ್ಟ ಹಳೆಯ ಸೀರೆ ಸಂತೆಯ ಮೂಲಕ ಬಡವರ ಮೈಗೆ ಸೇರುವುದುಂಟು. ಅದನ್ನೇ ಉಳ್ಳವರು ಅಂದಕ್ಕೆ ಮರುಳಾಗಿ ಕೊಂಡು ಪೆಟ್ಟಿಗೆಯಲ್ಲಿ ಒಟ್ಟಿದರೆ, ಆಸೆಯು ಅಂಗಡಿಯನ್ನು ಬದಲಿಸಿತೇ ಹೊರತು ಅಡಗಲಿಲ್ಲ. ಇನ್ನು ಕೆಲವರು, ಬಟ್ಟೆ ಹಳೆಯದೆಂದು ಹೇಳಿ ಕೌದಿಯ ಬೆಲೆಯನ್ನು ಇಳಿಸುತ್ತಾರೆ. ಬಟ್ಟೆ ಹಳೆಯದಿರಬಹುದು, ಅನೇಕ ದಿನಗಳ ಕಾಲ ಸೂಜಿ ಹಿಡಿದ ಕೈಯ ದುಡಿಮೆ ಹಳೆಯದೇ?

ಆದುದರಿಂದ ಕೊಳ್ಳುವ ಮುನ್ನ ಎರಡು ಮಾತನ್ನು ವಿಚಾರಿಸೋಣ: ಇದು ಯಾರ ಚಳಿಯನ್ನು ನೀಗುವುದು? ಇದನ್ನು ಹೊಲಿದವರಿಗೆ ಸಲ್ಲಬೇಕಾದುದು ಸಂದಿತೇ? ಇವೆರಡಕ್ಕೂ ಉತ್ತರವಿದ್ದರೆ ಮಾತ್ರ ಅದು ಮಿತವ್ಯಯ; ಇಲ್ಲವಾದರೆ ಕೇವಲ ಅಗ್ಗದ ಲೋಭ.