ನೂಕಾಟದಲ್ಲಿ ಒಂದು ನೂಕು

ಬೆಂಗಳೂರಿನ ಆ ಬಾರಿನಲ್ಲಿ ವೇದಿಕೆ ಎನ್ನುವಂಥದ್ದೇನೂ ಇಲ್ಲ. ಮೂಲೆಯ ಮೇಜುಗಳನ್ನು ಸರಿಸಿ ಮೊಣಕಾಲೆತ್ತರದ ಹಲಗೆ ಹಾಕುತ್ತಾರೆ, ಅಷ್ಟೆ. ತಗ್ಗು ಚಾವಣಿ, ಬಿಯರ್ ಚೆಲ್ಲಿ ಅಂಟಂಟಾದ ನೆಲ. ಎಂಬತ್ತು ಜನ ಸೇರಿದರೆ ಬಾತ್‌ರೂಮಿಗೆ ಹೋಗಲೂ ದಾರಿಯಿರುವುದಿಲ್ಲ. ನಾಲ್ಕು ವರ್ಷದಿಂದ ಹೆವಿ ಮೆಟಲ್ ಕೇಳಲು ಅಲ್ಲಿಗೆ ಹೋಗುತ್ತಿದ್ದೇನೆ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅದನ್ನು ಹಿರಿಯರ ಬಾಯಲ್ಲಿ ಪುರಾಣದಂತೆ ಕೇಳಿದ್ದೇನೆ. ತಪ್ಪಿಹೋಯಿತೆಂಬ ಕೊರಗೇನಿಲ್ಲ. ಸಣ್ಣ ಕೋಣೆಯಲ್ಲಿ ಡ್ರಮ್ಮಿನ ಏಟು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಈಗಷ್ಟೇ ನರಕದಿಂದ ಎದ್ದುಬಂದಂತೆ ಗರ್ಜಿಸಿದ ಗಾಯಕ ಹಾಡು ಮುಗಿದೊಡನೆ ನಮ್ಮ ಪಕ್ಕದಲ್ಲೇ ನುಸುಳಿ ಹೋಗಿ, ಕೌಂಟರಿನಲ್ಲಿ ಬಿಸಿನೀರು ಕೇಳುತ್ತಾನೆ.

ಹಾಡು ವೇಗ ಹಿಡಿದಾಗ ವೇದಿಕೆಯ ಮುಂದೆ ಒಂದು ವೃತ್ತ ತಾನಾಗಿ ತೆರೆದುಕೊಳ್ಳುತ್ತದೆ. ಅದು ಮಾಷ್ ಪಿಟ್. ಒಳಗೆ ಇಳಿದವರು ಭುಜಕ್ಕೆ ಭುಜ ಕೊಟ್ಟು ಗುದ್ದುತ್ತಾರೆ, ನೂಕುತ್ತಾರೆ, ನೂಕಿಸಿಕೊಳ್ಳುತ್ತಾರೆ. ಹೊರಗಿನವರಿಗೆ ಅದು ಹೊಡೆದಾಟ. ಒಳಗಿನವರಿಗೆ ಗೊತ್ತಿರುವ, ಎಲ್ಲೂ ಬರೆದಿಡದ ನಿಯಮ ಒಂದೇ: ಬಿದ್ದವರನ್ನು ಕೂಡಲೇ ಎತ್ತಬೇಕು. ನಾನು ಕರಾವಳಿಯವನು; ನನಗೆ ಕಟೀಲಿನ ತೂಟೆದಾರ ನೆನಪಾಗುತ್ತದೆ. ಜಾತ್ರೆಯಲ್ಲಿ ಎರಡು ಗ್ರಾಮದವರು ಎದುರುಬದುರು ನಿಂತು ಉರಿಯುವ ಗರಿಯ ಸೂಡಿಗಳನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಅಲ್ಲೂ ಅದು ಹಗೆಯಲ್ಲ, ಸೇವೆ.

2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ವೃತ್ತಗಳ ವಿಡಿಯೋಗಳನ್ನು ಅಳೆದು ನೋಡಿ, ಒಳಗಿನವರ ಚಲನೆ ಅನಿಲದ ಕಣಗಳ ಚಲನೆಯನ್ನು ಹೋಲುತ್ತದೆ ಎಂದು ಬರೆದರು. ಈ ಹೋಲಿಕೆ ನನಗೆ ಬಹಳ ಹಿಡಿಸಿತ್ತು. ಕಣಕ್ಕೆ ಉದ್ದೇಶವಿಲ್ಲ, ಆದ್ದರಿಂದ ತಪ್ಪೂ ಇಲ್ಲ. ಒಪ್ಪಿಯೇ ಒಳಗೆ ಬಂದವನಿಗೆ ಪೆಟ್ಟಾದರೆ ಯಾರನ್ನು ದೂರುವುದು?

ಕಳೆದ ವರ್ಷದ ಒಂದು ಶುಕ್ರವಾರ. ಐದು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಬೆಳಿಗ್ಗೆ ಮನೆ ಮಾಲೀಕರು ಬಾಗಿಲು ತಟ್ಟಿ ಹೋಗಿದ್ದರು. (ಟಿಕೆಟ್ಟಿಗೆ ದುಡ್ಡೆಲ್ಲಿತ್ತು ಎಂದು ಕೇಳಬೇಡಿ, ಗೆಳೆಯನ ಸಾಲ.) ವೃತ್ತದೊಳಗೆ ನನಗಿಂತ ಚಿಕ್ಕವನೊಬ್ಬ ಆಫೀಸಿನಿಂದ ನೇರ ಬಂದಿದ್ದ. ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು ಇನ್ನೂ ತೂಗಾಡುತ್ತಿತ್ತು. ಆ ಕಾರ್ಡು ಕಣ್ಣಿಗೆ ಬಿತ್ತು. ಮುಂದಿನ ಸುತ್ತಿನಲ್ಲಿ ಅವನನ್ನು ನೂಕಿದೆ. ಅವನು ಬಿದ್ದ, ಕನ್ನಡಕ ಯಾರದೋ ಬೂಟಿನಡಿ ಪುಡಿಯಾಯಿತು, ಹುಬ್ಬಿನ ಮೇಲೆ ರಕ್ತ. ನಾನೇ ಎತ್ತಿದೆ. ಅವನು ನಕ್ಕ. ಹೊರಗೆ ಬಂದು, ಕನ್ನಡಕದ ದುಡ್ಡು ಕಂತಿನಲ್ಲಾದರೂ ಕೊಡುತ್ತೇನೆ ಎಂದೆ. ಬೇಡವೆಂದ.

ಅದೇ ಹತ್ತು ನಿಮಿಷದಲ್ಲಿ ನಾನು ಇನ್ನೂ ಇಪ್ಪತ್ತು ಜನರನ್ನು ನೂಕಿದ್ದೆ, ಅಷ್ಟೇ ಜೋರಾಗಿ. ವಿಡಿಯೋ ಇದ್ದಿದ್ದರೆ ಅದರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ಈ ತಕರಾರು ಬರುತ್ತದೆ: ಪಾಪದ ಲೆಕ್ಕದಲ್ಲಿ ದೇಹದ ಕೃತ್ಯ ಹೆಚ್ಚು ಭಾರ ಎನ್ನುತ್ತದೆ ಜೈನ ಪಕ್ಷ, ಮನಸ್ಸಿನದೇ ಹೆಚ್ಚು ಎನ್ನುತ್ತಾನೆ ಬುದ್ಧ. ಲೈಬ್ರರಿಯಲ್ಲಿ ಕೂತು ಓದುವಾಗ ಬುದ್ಧನ ಕಡೆ ವಾಲುವುದು ಸುಲಭ. ಆ ರಾತ್ರಿ ಕೈಯ ರಕ್ತ ತೊಳೆಯುತ್ತಾ ನಾನು ಎದುರು ಪಕ್ಷದ ಮಾತನ್ನು ನನ್ನ ಅನುಕೂಲಕ್ಕೆ ತಿರುಚಿಕೊಂಡೆ: ಕೈ ಮಾಡಿದ್ದೇನು? ಎಲ್ಲರ ಕೈ ಮಾಡಿದ್ದನ್ನೇ.

ಆದರೆ ಅವನು ಒಪ್ಪಿ ಬಂದಿದ್ದು ಗುರಿಯಿಲ್ಲದ ಏಟಿಗೆ. ನನ್ನ ಏಟಿಗೆ ಗುರಿಯಿತ್ತು. ಅವನ ಒಪ್ಪಿಗೆಯೊಳಗೆ ಅವನಿಗೆ ಗೊತ್ತಿಲ್ಲದ ಒಂದು ಸರಕನ್ನು ನಾನು ಸಾಗಿಸಿದ್ದೆ. ಅದಕ್ಕಿಂತ ಕಾಡಿದ್ದು ಬೇರೆ. ಮೆಟಲ್ ಕೇಳಿದರೆ ಸಿಟ್ಟು ಇಳಿಯುತ್ತದೆ ಎಂದು ಅಮ್ಮನ ಮುಂದೆ ಎಷ್ಟೋ ಸಲ ವಾದಿಸಿದ್ದೇನೆ. ಅವತ್ತು ನಿಜವಾಗಿಯೂ ಇಳಿದಿತ್ತು. ಅವನು ಬಿದ್ದ ಆ ಕ್ಷಣ ಮೈ ಹಗುರಾಗಿತ್ತು. ಎತ್ತಲು ಬಾಗಿದ್ದು ಆ ಹಗುರದಲ್ಲೇ.

ಎರಡು ತಿಂಗಳ ನಂತರ ಅದೇ ಬಾರಿನಲ್ಲಿ ಅವನು ಮತ್ತೆ ಸಿಕ್ಕ. ಹೊಸ ಕನ್ನಡಕವನ್ನು ದಾರದಿಂದ ತಲೆಗೆ ಬಿಗಿದುಕೊಂಡಿದ್ದ. ಶೋ ಮುಗಿದ ಮೇಲೆ ಪಾನ್ ಅಂಗಡಿಯ ಹತ್ತಿರ ನಿಲ್ಲಿಸಿ ಹೇಳಿಬಿಟ್ಟೆ: ಅವತ್ತು ನೂಕಿದ್ದು ಆಟಕ್ಕಲ್ಲ, ಬೇಕಂತಲೇ.

'ಗೊತ್ತಾಗಿತ್ತು,' ಅಂದ. 'ಅದಕ್ಕೇ ದುಡ್ಡು ತಗೊಳ್ಳಲಿಲ್ಲ.'

ಇನ್ನೇನಾದರೂ ಹೇಳುತ್ತಾನೆಂದು ಕಾದೆ. ಅವನು ಮೊಬೈಲ್ ತೆಗೆದು, ನಾನು ಯಾವ ಕಡೆ ಹೋಗುವವನು, ಆಟೋ ಹಂಚಿಕೊಳ್ಳಬಹುದಾ ಎಂದು ಕೇಳಿದ.