ಲೇಡಿ ಡಾಕ್ಟರ್ ಎಲ್ಲಿಂದ ಬರಬೇಕು?



ಮನೆಯ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೊರಟಾಗ ನಾವು ಮೊಟ್ಟಮೊದಲು ಕೇಳುವುದೇನು? ಶ್ರೀರಂಗಪಟ್ಟಣವಿರಲಿ, ಪಾಂಡವಪುರವಿರಲಿ, ಕೆ.ಆರ್. ಪೇಟೆ, ನಾಗಮಂಗಲಗಳಿರಲಿ, “ಲೇಡಿ ಡಾಕ್ಟರ್ ಇದ್ದಾರಾ?” ಎಂದೇ ಕೇಳುತ್ತೇವೆ. ಅದರಲ್ಲಿ ತಪ್ಪಿಲ್ಲ. ಲಜ್ಜೆ ಈಮಾನಿನ ಭಾಗ. ಆದರೆ ಆ ಡಾಕ್ಟರು, ಆ ನರ್ಸು ಯಾರದೋ ಮನೆಯ ಮಗಳು. ಯಾರೋ ಒಬ್ಬ ತಂದೆ ಅವಳನ್ನು ವಿಜ್ಞಾನ ಓದಿಸಿದ್ದಾನೆ, ರಾತ್ರಿ ಪಾಳಿಗೆ ಕಳಿಸಿದ್ದಾನೆ. ನಮ್ಮ ಹೆಂಗಸರ ಪರದೆ ಕಾಪಾಡಲು ಇನ್ನೊಬ್ಬರ ಮಗಳು ಬೇಕು, ನಮ್ಮ ಮಗಳಿಗೆ ಮಾತ್ರ ಆ ಕೆಲಸ ಬೇಡ. ಇದೆಂಥ ನ್ಯಾಯ?

ಜನಾಝಾ ನಮಾಝ್ ಫರ್ಝ್ ಕಿಫಾಯ ಎಂಬುದು ಎಲ್ಲರಿಗೂ ಗೊತ್ತು. ಕೆಲವರು ನಿರ್ವಹಿಸಿದರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ನಿರ್ವಹಿಸದಿದ್ದರೆ ಊರಿಗೆ ಊರೇ ಪಾಪದಲ್ಲಿ ಪಾಲುದಾರ. ವೈದ್ಯ ವಿದ್ಯೆಯೂ ಇದೇ ಸಾಲಿಗೆ ಸೇರಿದ್ದು ಎಂಬುದು ಅನೇಕರಿಗೆ ತಿಳಿದಿಲ್ಲ. ಇಮಾಮ್ ಗಝ್ಝಾಲಿಯವರು (ಮರಣ ಕ್ರಿ.ಶ. 1111) ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಅಷ್ಟೇ ಅಲ್ಲ, ಎಷ್ಟೋ ಪಟ್ಟಣಗಳಲ್ಲಿ ಒಬ್ಬ ಮುಸ್ಲಿಮ್ ವೈದ್ಯನೂ ಇಲ್ಲ, ಆದರೂ ಜನರು ಫಿಕ್ಹಿನ ವಾದವಿವಾದಗಳನ್ನು ಕಲಿಯಲು ಮಾತ್ರ ಮುಗಿಬೀಳುತ್ತಾರೆಂದು ಅವರು ನೊಂದು ಬರೆದಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಮಾತಿದು! ನಮಗೆ ಔಷಧ ಕೊಟ್ಟು ಕಾಪಾಡುತ್ತಿರುವ ಇತರ ಧರ್ಮದ ವೈದ್ಯರಿಗೆ ನಾವು ಋಣಿಗಳು. ಪ್ರಶ್ನೆ ಇರುವುದು ಈ ಸೇವೆಯಲ್ಲಿ ನಮ್ಮ ಪಾಲೆಷ್ಟು ಎಂಬುದರಲ್ಲಿ. ಒಂದು ಜೀವ ಉಳಿಸುವುದನ್ನು ಇಡೀ ಮನುಕುಲವನ್ನು ಉಳಿಸುವುದಕ್ಕೆ ಸಮವೆಂದು ಎಣಿಸುವ ‘ಅಲ್ ಮಾಇದ’ ಅಧ್ಯಾಯದ 32ನೇ ಸೂಕ್ತವು ಆ ಜೀವದ ಜಾತಿಯನ್ನು ಕೇಳುವುದಿಲ್ಲ.

“ನರ್ಸ್ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ” ಎನ್ನುವ ಹಿರಿಯರಿದ್ದಾರೆ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ತೀವ್ರವಾಗಿ ಗಾಯಗೊಂಡಾಗ ಪ್ರವಾದಿವರ್ಯರು(ಸ) ಅವರನ್ನು ಎಲ್ಲಿರಿಸಿದರು? ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ. ಆ ಡೇರೆ ಇದ್ದದ್ದು ಮಸ್ಜಿದುನ್ನಬವಿಯ ಆವರಣದಲ್ಲಿ! ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಪ್ರವಾದಿವರ್ಯರ(ಸ) ಜೊತೆ ಹೋಗಿ ಅಡುಗೆ ಮಾಡಿದರು, ಗಾಯಾಳುಗಳನ್ನು ಉಪಚರಿಸಿದರು. ಈ ಮಹಿಳೆಯರಿಗಿಂತ ಹೆಚ್ಚಿನ ಮರ್ಯಾದೆ ನಮ್ಮ ಮನೆತನಕ್ಕೆ ಇದೆಯೇ?

ಶ್ರೀರಂಗಪಟ್ಟಣದವರು ಇನ್ನೊಂದು ವಿಷಯ ತಿಳಿದಿರಬೇಕು. ಟಿಪ್ಪು ಸುಲ್ತಾನರ ಗ್ರಂಥಾಲಯದ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಪ್ರಕಟಿಸಿದಾಗ ಅದರಲ್ಲಿ ವೈದ್ಯಶಾಸ್ತ್ರಕ್ಕೇ ಒಂದು ವಿಭಾಗವಿತ್ತು, 62 ಸಂಪುಟಗಳು. ಗುಂಬಝಿಗೆ ಹೋಗಿ ಫಾತಿಹಾ ಓದುತ್ತೇವೆ, ಉರೂಸಿಗೆ ಸೇರುತ್ತೇವೆ. ಆ ಪುಸ್ತಕಗಳ ಕಪಾಟು ಮಾತ್ರ ನೆನಪಾಗುವುದಿಲ್ಲ.

ಕಾಲೇಜುಗಳೇನೂ ದೂರದಲ್ಲಿಲ್ಲ. ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲೇ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಒಂದು ಮಠವು ಹಳ್ಳಿಗಾಡಿನಲ್ಲಿ ಅದನ್ನು ಕಟ್ಟಿ ನಿಲ್ಲಿಸಿದೆ, ನೋಡಿ ಕಲಿಯಬೇಕಾದ ಕೆಲಸ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಮೈಸೂರಿನಲ್ಲಿ 1924ರಷ್ಟು ಹಳೆಯ ಕಾಲೇಜಿದೆ, ಫಾರೂಕಿಯಾ ಸಂಸ್ಥೆಯ ಫಾರ್ಮಸಿ ಮತ್ತು ದಂತವೈದ್ಯ ಕಾಲೇಜುಗಳೂ ಇವೆ. ಬಸ್ ಚಾರ್ಜಿನ ನೆಪವೂ ಹೆಣ್ಣುಮಕ್ಕಳ ಮಟ್ಟಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಕಳಚಿಬಿತ್ತು.

ಹಾಗಾದರೆ ನಮ್ಮ ಮಕ್ಕಳು ಎಲ್ಲಿ ತಪ್ಪಿಹೋಗುತ್ತಿದ್ದಾರೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ನಂತರದ ಒಂದೆರಡು ವಾರಗಳಲ್ಲಿ. ಮಗುವಿಗೆ ಒಳ್ಳೆಯ ಅಂಕ ಬಂದಿರುತ್ತದೆ. ಮಾಮೂ ಬಂದು “ಸೈನ್ಸ್ ಕಷ್ಟ, ಟ್ಯೂಷನ್‌ಗೆ ದುಡ್ಡೆಲ್ಲಿ?” ಎನ್ನುತ್ತಾರೆ. ಸುಲಭವೆಂದು ಆರ್ಟ್ಸಿಗೆ ಸೇರಿಸುತ್ತಾರೆ, ಅಥವಾ ಹುಡುಗನನ್ನು ಗ್ಯಾರೇಜಿಗೆ ಬಿಡುತ್ತಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದದವರಿಗೆ ನೀಟ್ ಪರೀಕ್ಷೆಯ ಬಾಗಿಲು ಅಂದೇ ಮುಚ್ಚಿತು, ಬಿ.ಎಸ್ಸಿ. ನರ್ಸಿಂಗ್‌ನದೂ ಮುಚ್ಚಿತು. ಎಲ್ಲರೂ ಎಂ.ಬಿ.ಬಿ.ಎಸ್. ಮಾಡಬೇಕೆಂದೇನೂ ಅಲ್ಲ. ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗಿಗೆ ಇತರ ವಿಭಾಗದಲ್ಲಿ ಓದಿದವರೂ ಸೇರಬಹುದು. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಕೆಲಸ ಕಲಿಸುವ ಪ್ಯಾರಾಮೆಡಿಕಲ್ ಡಿಪ್ಲೊಮಾಗಳೂ ಇವೆ. ವಾರ್ಡಿನಲ್ಲಿ ದಾದಿಮಾ ಎದೆ ಹಿಡಿದುಕೊಂಡು “ಜೀ ಘಬ್ರಾರಾ” ಎಂದಾಗ ಅದನ್ನು ಅರ್ಥ ಮಾಡಿಕೊಂಡು ಡಾಕ್ಟರಿಗೆ ಕನ್ನಡದಲ್ಲಿ ತಿಳಿಸುವ ಒಬ್ಬ ಹುಡುಗಿ ಅಲ್ಲಿದ್ದರೆ ಅದರ ಬೆಲೆ ರೋಗಿಗೆ ಗೊತ್ತು.

ಇನ್ನು ಹಣದ ಮಾತು. ನಮ್ಮಲ್ಲಿ ಹಣವಿಲ್ಲವೆಂದು ಯಾರು ಹೇಳುತ್ತಾರೋ ಅವರು ಒಂದು ಶಾದಿ ಮಹಲಿನ ವಲೀಮಾಕ್ಕೆ ಹೋಗಿ ಬರಲಿ. ಎರಡು ಬಗೆ ಬಿರಿಯಾನಿ, ಮೇಲೆ ಐಸ್‌ಕ್ರೀಮ್! ಬಡ್ಡಿಗೆ ಅಂಜಿ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೋಗದ ದೇವಭಯದ ಕುಟುಂಬಗಳಿವೆ. ಅಂಥವರಿಗೆ ಕರ್ಝೆ ಹಸನ ಕೊಡುವವರು ಮುಂದೆ ಬಾರದಿದ್ದರೆ ಬಡ್ಡಿಯ ವಿರುದ್ಧ ನಾವು ಮಾಡುವ ಭಾಷಣಕ್ಕೆ ಅರ್ಥವೇನು? ಝಕಾತಿಗೆ ಅರ್ಹಳಾದ ಬಡ ವಿದ್ಯಾರ್ಥಿನಿಯ ಕೈಗೇ ಝಕಾತಿನ ಹಣ ಕೊಡಬಹುದು. ಅರ್ಹತೆಯ ಸಂಶಯವಿದ್ದರೆ ಆಲಿಮರನ್ನು ಕೇಳಿ, ಇಲ್ಲವೇ ಸದಕಾದಿಂದ ಕೊಡಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವೃತ್ತಿಶಿಕ್ಷಣಕ್ಕೆ ‘ಅರಿವು’ ಎಂಬ ಸಾಲ ಯೋಜನೆಯಿದೆ. ಅರ್ಜಿ ತುಂಬಲು, ಆದಾಯ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿಗೆ ಅಲೆಯಲು ಓದಿದ ಒಬ್ಬ ಯುವಕ ಜೊತೆಗಿದ್ದರೆ ಸಾಕು. ಹಣವಿಲ್ಲದವರಿಗೂ ಮಾಡಲು ಸಾಧ್ಯವಾದ ಸದಕಾ ಇದು.

ಪ್ರತಿ ಜಮಾಅತ್ ಕಮಿಟಿಯೂ ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದ ಜುಮುಅ ನಂತರ, ತೇರ್ಗಡೆಯಾದ ಮಕ್ಕಳನ್ನೂ ಅವರ ತಾಯಂದಿರನ್ನೂ ಕರೆದು ಕೂರಿಸಲಿ. ತಂದೆಯರನ್ನು ಕರೆದರೆ ಸಾಲದು, ತಾಯಂದಿರು ಬರಲೇಬೇಕು. ಊರಿನಲ್ಲಿ ನರ್ಸಿಂಗ್ ಓದಿದ ಹುಡುಗಿ ಇದ್ದರೆ ಅಂದು ಮಾತಾಡುವ ಅವಕಾಶ ಮೊದಲು ಅವಳಿಗಿರಲಿ.