ಅದೇ ಆಟ ಎಂದರೆ ಯಾವ ಆಟ?

ಯಾರೋ ಎಂಟು ಸಲ ‘ಗೋ’ ಎಂದರೆ ಲೋಕ ಏನೆನ್ನುತ್ತದೆ? ಗೋ ಶಬ್ದವನ್ನು ಎಂಟು ಸಲ ಹೇಳಿದ ಎನ್ನುತ್ತದೆಯೇ ಹೊರತು, ಎಂಟು ಗೋ ಶಬ್ದಗಳನ್ನು ಹೇಳಿದ ಎನ್ನುವುದಿಲ್ಲ. ಮೀಮಾಂಸೆಯ ಭಾಷ್ಯಕಾರ ಶಬರಸ್ವಾಮಿ ಹೂಡಿದ ವಾದ ಇದು. ಶಬ್ದ ನಿತ್ಯ, ಗಟ್ಟಿಯಾಗಿ ಕೂಗಿದರೂ ಪಿಸುಗುಟ್ಟಿದರೂ ವ್ಯತ್ಯಾಸ ಧ್ವನಿಗೆ ಸೇರಿದ್ದು, ಶಬ್ದಕ್ಕಲ್ಲ. ನ್ಯಾಯದರ್ಶನದ ನೈಯಾಯಿಕರು ಒಪ್ಪಲಿಲ್ಲ: ಪ್ರತಿ ಸಲವೂ ಹೊಸ ಶಬ್ದವೇ ಹುಟ್ಟಿ ಅಳಿಯುತ್ತದೆ ಎಂದರು. ಬೌದ್ಧರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೋಳಿಸಿದ ಮೇಲೆ ಬೆಳೆದ ಕೂದಲನ್ನು ‘ಅದೇ ಕೂದಲು’ ಎಂದು ಗುರುತಿಸುವವನಿಗೆ ಹೋಲಿಕೆ ಮೋಸ ಮಾಡುತ್ತಿದೆ, ಅಷ್ಟೇ ಎಂದರು.

ಈ ಹಳೆಯ ಜಗಳಕ್ಕೆ ಹೊಸ ಸಾಕ್ಷಿಯೊಂದು ಸಿಕ್ಕಿರುವುದು ಯಾರೂ ನಿರೀಕ್ಷಿಸದ ಕಡೆ. ಜಪಾನಿನ ಸೆಗಾ ಕಂಪನಿ 1991ರಲ್ಲಿ ಟಿವಿಗೆ ಜೋಡಿಸಿ ಆಡುವ ತನ್ನ ಮೆಗಾ ಡ್ರೈವ್ ಯಂತ್ರಕ್ಕೆ ‘ಸೋನಿಕ್ ದಿ ಹೆಜ್‌ಹಾಗ್’ ಎಂಬ ಆಟ ತಂದಿತು. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯೊಂದು ಉಂಗುರ ಬಾಚಿಕೊಳ್ಳುತ್ತಾ ಓಡುವ ಆಟ. ಅದನ್ನೂ ಅದರ ಕಾಲದ ಹತ್ತಾರು ಆಟಗಳನ್ನೂ ಕಂಪನಿ ‘ಸೆಗಾ ಮೆಗಾ ಡ್ರೈವ್ ಕ್ಲಾಸಿಕ್ಸ್’ ಎಂಬ ಹೆಸರಲ್ಲಿ ಕಂಪ್ಯೂಟರಿಗೆ ಮತ್ತೆ ಮಾರಿತು. ಇಲ್ಲಿ ನಡೆಯುವುದು ಒಂದು ವೇಷ. ಎಮ್ಯುಲೇಟರ್ ಎಂಬ ತಂತ್ರಾಂಶ ಮೆಗಾ ಡ್ರೈವಿನ 68000 ಪ್ರೊಸೆಸರ್ ತಾನೇ ಎಂಬಂತೆ ನಟಿಸುತ್ತದೆ. ಹಳೆಯ ಕಾರ್ಟ್ರಿಜ್‌ನಲ್ಲಿದ್ದ ಅಂಕಿಗಳ ಸಾಲನ್ನು ಹಾಗೆಯೇ ಅದಕ್ಕೆ ಉಣಿಸಲಾಗುತ್ತದೆ. ಒಂದು ಬೈಟ್ ಕೂಡ ಕದಲಿಲ್ಲ. ಮೀಮಾಂಸಕ ಇದನ್ನು ಕಂಡಿದ್ದರೆ ಕುಣಿದಾಡುತ್ತಿದ್ದ: ನಿತ್ಯವಾದದ್ದು ಆ ಸಾಲು, ಯಂತ್ರ, ಪರದೆ, ಸ್ಪೀಕರ್ ಎಲ್ಲ ಬರೀ ಧ್ವನಿ.

ಆದರೆ ಮೊದಲ ಹಂತದ ಜಲಪಾತದ ಬಳಿಗೆ ಬಂದಾಗ ಅವನ ಉತ್ಸಾಹ ತುಸು ತಗ್ಗುತ್ತದೆ. ಗ್ರೀನ್ ಹಿಲ್‌ನ ಆ ನೀರನ್ನು ಇಂದಿನ ಚಪ್ಪಟೆ ಪರದೆಯಲ್ಲಿ ನೋಡಿದರೆ ನೀರೇ ಕಾಣುವುದಿಲ್ಲ, ಒಂದು ಬಿಟ್ಟು ಒಂದು ಬಣ್ಣದ ಲಂಬ ಗೆರೆಗಳು ಕಾಣುತ್ತವೆ. ಹಿಂದೆ ಏನಿದೆಯೆಂದು ಅರೆಬರೆ ತೋರಿಸುವ ಪಾರದರ್ಶಕ ಬಣ್ಣ ಹಾಕುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಹಳೆಯ ಡಬ್ಬಾ ಟಿವಿಗೆ ಹೋಗುವ ಕಾಂಪೊಸಿಟ್ ವೈರಿನಲ್ಲಿ ಪಕ್ಕಪಕ್ಕದ ಗೆರೆಗಳು ಒಂದರೊಳಗೊಂದು ಕಲೆಸಿಹೋಗಿ ತಿಳಿನೀರಿನ ಭ್ರಮೆ ಹುಟ್ಟುತ್ತಿತ್ತು. ಅಂದರೆ ಆ ಜಲಪಾತ ಪೂರ್ತಿಯಾಗಿ ಕಾರ್ಟ್ರಿಜ್ಜಿನಲ್ಲಿ ಇರಲೇ ಇಲ್ಲ. ಅರ್ಧ ಅಲ್ಲಿತ್ತು, ಅರ್ಧ ವೈರಿನ ದೋಷದಲ್ಲಿತ್ತು. ಬರೀ ಧ್ವನಿ ಎಂದು ಬದಿಗಿಟ್ಟದ್ದರಲ್ಲೇ ಶಬ್ದದ ಒಂದು ಪಾಲು ಅಡಗಿತ್ತು.

ಹಾಗಾದರೆ ಗೆದ್ದವರು ಬೌದ್ಧರೇ? ಅಷ್ಟು ಬೇಗ ಹೇಳಲಾಗದು.

1993ರಲ್ಲಿ ಸೆಗಾದ ಸಿ.ಡಿ. ಯಂತ್ರಕ್ಕೆ ಬಂದ ‘ಸೋನಿಕ್ ಸಿಡಿ’ಯ ಕಥೆ ಇದಕ್ಕೆ ಪೂರ್ತಿ ತದ್ವಿರುದ್ಧ. ಆಸ್ಟ್ರೇಲಿಯಾದ ಕ್ರಿಸ್ಟಿಯನ್ ವೈಟ್‌ಹೆಡ್ ಎಂಬ ಅಭಿಮಾನಿ ‘ರೆಟ್ರೊ ಎಂಜಿನ್’ ಎಂಬ ತನ್ನದೇ ತಂತ್ರಾಂಶದಲ್ಲಿ ಈ ಆಟವನ್ನು ಬುಡದಿಂದ ಮತ್ತೆ ಕಟ್ಟಿ ತೋರಿಸಿದ. ಸೆಗಾ ಅವನಿಗೇ ಕೆಲಸ ಒಪ್ಪಿಸಿತು. 2012ರಲ್ಲಿ ಅದು ಕಂಪ್ಯೂಟರಿಗೂ ಬಂತು. ಎಮ್ಯುಲೇಟರಿನ ವೇಷ ಇಲ್ಲಿಲ್ಲ, ಹಳೆಯ ಪ್ರೋಗ್ರಾಮೂ ಇಲ್ಲ. ಪರದೆ ಅಗಲವಾಗಿದೆ. ಆದರೂ ಇಳಿಜಾರಿನಲ್ಲಿ ಸೋನಿಕ್ ವೇಗ ಹಿಡಿಯುವ ಪರಿ, ತಪ್ಪಿ ಮುಳ್ಳಿಗೆ ಬಡಿದಾಗ ಉಂಗುರ ಚೆಲ್ಲುವ ಪರಿ ಆಟಗಾರನ ಹೆಬ್ಬೆರಳಿಗೆ ಗೊತ್ತಿದ್ದದ್ದೇ.

ಇತ್ತ ಒಂದು ಬೈಟ್ ಕೂಡ ಕದಲದ ‘ಕ್ಲಾಸಿಕ್ಸ್’ ಕಟ್ಟಿಗೆ 2018ರಲ್ಲಿ ಒಂದು ಸವಲತ್ತು ಸೇರಿತು: ರಿವೈಂಡ್. ಗುಂಡಿ ಒತ್ತಿ ಹಿಡಿದರೆ ಕಾಲ ಹಿಂದಕ್ಕೆ ಓಡುತ್ತದೆ, ಪ್ರಪಾತಕ್ಕೆ ಬಿದ್ದ ಸೋನಿಕ್ ಮೇಲೆದ್ದು ದಂಡೆಗೆ ಬರುತ್ತಾನೆ. ಮಾಡಿದ್ದನ್ನು ಉಣ್ಣಲೇಬೇಕಾಗಿಲ್ಲದ ಲೋಕ! ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಅಗ್ಗದ ಪರಿಹಾರವನ್ನು ಯಾವ ಪುರೋಹಿತನೂ ಹೇಳಿಕೊಟ್ಟಿಲ್ಲ. 1991ರ ಆಟಗಾರನಿಗೆ ಆರಂಭದಲ್ಲಿ ಕೈಯಲ್ಲಿದ್ದದ್ದು ಮೂರು ಜೀವ, ಇದ್ದಬದ್ದದ್ದೆಲ್ಲ ಮುಗಿದರೆ ಮೊದಲಿಂದ ಶುರು. ಆ ಭಯವೇ ಕೊನೆಯ ಜಿಗಿತಕ್ಕೆ ತೂಕ ಕೊಡುತ್ತಿತ್ತು. ಅಕ್ಷರಶಃ ಅದೇ ಆಗಿ ಉಳಿದ ಆಟ ರಿವೈಂಡ್ ಬಳಸುವವನ ಕೈಯಲ್ಲಿ ಬೇರೆಯಾಯಿತು. ಪೂರ್ತಿ ಹೊಸದಾಗಿ ಬರೆದ ಆಟ ಅದೇ ಆಗಿ ಉಳಿಯಿತು. ಒಂದು ಆಟದ ಏಕತೆಯನ್ನು ಅದರ ಅಂಕಿಗಳಲ್ಲಿ ಹುಡುಕುವುದಕ್ಕಿಂತ ಅದು ಆಡುವವನ ಮೇಲೆ ಹೇರುವ ನಿಯಮದಲ್ಲಿ, ಏನು ಮಾಡಿದರೆ ಏನಾಗುತ್ತದೆ ಎಂಬ ಕಟ್ಟಳೆಯಲ್ಲಿ ಹುಡುಕುವುದೇ ಸರಿಯೆನಿಸುತ್ತದೆ.

ಇದನ್ನು ಒಪ್ಪಿದರೂ ಸಂಗೀತ ಮಾತ್ರ ಎಲ್ಲರನ್ನೂ ಕಾಡುತ್ತದೆ. ಯುರೋಪಿನ ಟಿವಿಗಳು ಜಪಾನಿನಂತೆ ಸೆಕೆಂಡಿಗೆ 60 ಸಲ ಅಲ್ಲ, 50 ಸಲ ಚಿತ್ರ ಮೂಡಿಸುತ್ತಿದ್ದವು. ಅದಕ್ಕೆ ತಕ್ಕಂತೆ ಮೊದಲ ಸೋನಿಕ್ ಅಲ್ಲಿ ಆರನೇ ಒಂದು ಭಾಗದಷ್ಟು ನಿಧಾನ ಓಡಿದ, ಹಾಡೂ ಎಳೆದುಕೊಂಡು ಕೇಳಿತು. ಜಪಾನಿನ ವೇಗದಲ್ಲಿ ಅದೇ ಹಾಡು ಕೇಳಿದರೆ ಅಲ್ಲಿ ಬೆಳೆದವರಿಗೆ ಯಾರೋ ಅವಸರಪಡಿಸಿದಂತೆ ಅನಿಸುವುದು ಸಹಜ. ‘ಸೋನಿಕ್ ಸಿಡಿ’ಗಂತೂ ಹುಟ್ಟುವಾಗಲೇ ಎರಡು ಬಗೆಯ ಸಂಗೀತ: ಜಪಾನಿಗೊಂದು, ಅಮೆರಿಕಕ್ಕೊಂದು. ವೈಟ್‌ಹೆಡ್ ಎರಡನ್ನೂ ಇಟ್ಟು ಆಯ್ಕೆಯನ್ನು ಆಡುವವರಿಗೇ ಬಿಟ್ಟ. ತೊಂಬತ್ತರ ದಶಕದ ಕರ್ನಾಟಕದ ಹುಡುಗರ ಪಾಡೇ ಬೇರೆ. ನಕಲು ಯಂತ್ರಕ್ಕೆ ನಕಲು ‘ಕ್ಯಾಸೆಟ್’ ಊದಿ ಹಾಕಿ ಕಾಂಟ್ರಾ ಎಂಬ ಆಟ ಆಡಿದವರಿಗೆ ಮೂಲ ಎಂಬುದರ ಚಿಂತೆಯೇ ಇರಲಿಲ್ಲ.

2022ರ ಮೇ ತಿಂಗಳಲ್ಲಿ ಸೆಗಾ ಬಿಡಿಯಾಗಿ ಮಾರುತ್ತಿದ್ದ ಹಳೆಯ ಸೋನಿಕ್‌ಗಳನ್ನು ಕಂಪ್ಯೂಟರ್ ಆಟಗಳ ಅಂಗಡಿಯಿಂದ ತೆಗೆಯಿತು. ಜೂನ್‌ನಲ್ಲಿ ‘ಸೋನಿಕ್ ಒರಿಜಿನ್ಸ್’ ಎಂಬ ಹೊಸ ಕಟ್ಟು ತಂದಿತು. ಹೆಸರೇ ‘ಮೂಲಗಳು’! ಆದರೆ ಅದರೊಳಗಿನ ಮೂರನೇ ಸೋನಿಕ್‌ನಲ್ಲಿ ಕಾರ್ನಿವಲ್ ನೈಟ್, ಐಸ್‌ಕ್ಯಾಪ್, ಲಾಂಚ್ ಬೇಸ್ ಹಂತಗಳ ಹಾಡುಗಳು ಬದಲಾಗಿದ್ದವು. 1994ರ ಕಾರ್ಟ್ರಿಜ್ಜಿನಲ್ಲಿ ಆಡಿ ಬೆಳೆದವರು ಇದು ಆ ಆಟವೇ ಅಲ್ಲ ಎಂದು ಸಿಡಿದೆದ್ದರು. ಹೊಸದಾಗಿ ಸೇರಿದ ರಾಗಗಳಾದರೋ ನಿಜಕ್ಕೂ ಹಳೆಯವು. ಆಟ ಬಿಡುಗಡೆಯಾಗುವ ಮುಂಚಿನ ಕರಡು ಪ್ರತಿಯಲ್ಲಿದ್ದವು. 1997ರಲ್ಲಿ ಕಂಪ್ಯೂಟರಿಗೆ ಬಂದ ‘ಸೋನಿಕ್ ಅಂಡ್ ನಕಲ್ಸ್ ಕಲೆಕ್ಷನ್’ನಲ್ಲೂ ಕೇಳಿದ್ದವು. ಮನೆಯ ಕಂಪ್ಯೂಟರಿನಲ್ಲಿ ಆ ಕಲೆಕ್ಷನ್ ಆಡಿ ಬೆಳೆದ ಹುಡುಗನಿಗೆ ಐಸ್‌ಕ್ಯಾಪ್‌ನ ಹಿಮದಲ್ಲಿ ಜಾರುವಾಗ ಕೇಳುವ ನಿಜವಾದ ಹಾಡು ಅದೇ. ಅವನ ಮಟ್ಟಿಗೆ 2022ರಲ್ಲಿ ಆದದ್ದು ಹಳೆಯ ಹಾಡಿನ ವಾಪಸಾತಿ.